ನಡೆಯುವ ವಾರ್ಡು ಹುಟ್ಟಿದ ಬಗೆ

ಗ್ರಾಮ ಪಂಚಾಯತಿ ಕಚೇರಿ, ಕರಿಬನ್ನಿಕಟ್ಟಿ
ಫೆಬ್ರವರಿ 30, 2164

ಪ್ರೀತಿಯ ಮಕ್ಕಳೇ,

ಮೇಲಿನ ತಾರೀಖು ನೋಡಿ ನಿಮಗೆ ನಗು ಬಂದೀತು. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನ ಇರಲಿಲ್ಲವೆಂದು ನಾನೂ ಓದಿದ್ದೇನೆ. ನನ್ನ ಅಜ್ಜಿ ಚಿಕ್ಕವಳಿದ್ದಾಗ ತಿಂಗಳುಗಳಿಗೆ ದಿನಗಳನ್ನು ಹೊಸದಾಗಿ ಹಂಚಿದರಂತೆ, ಆಗ ಹುಟ್ಟಿಕೊಂಡ ದಿನವಿದು. ಇನ್ನು ಮುಂದೆ ನಿಮಗೆ ಪರಿಚಯವಿಲ್ಲದ ಕೆಲವು ಮಾತುಗಳೂ ಬರುತ್ತವೆ. ಬಂದಲ್ಲಿಯೇ ಅವುಗಳ ಅರ್ಥ ಹೇಳುತ್ತೇನೆ. ಆದರೂ ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ, ನೂರಕ್ಕೂ ಹೆಚ್ಚು ವರ್ಷ ಆಚೆಯಿಂದ ಬರುತ್ತಿರುವ ದನಿ ಎಂದುಕೊಂಡು ಕ್ಷಮಿಸಿಬಿಡಿ.

ನನ್ನ ಹೆಸರು ನೀಲಗಂಗಾ ಹುಣಸೀಮರದ. ವಯಸ್ಸು ಎಪ್ಪತ್ತೊಂದು. ನಮ್ಮ ಪಂಚಾಯತಿಯಲ್ಲಿ ಮೂವತ್ತೆಂಟು ವರ್ಷ ಸಭಾಲೇಖಕಿಯಾಗಿದ್ದೆ. ಸಭೆ ಕರೆಯುವ ನೋಟೀಸು ಬರೆಯುವುದು, ಅದನ್ನು ಚಾವಡಿಗೆ ಅಂಟಿಸುವುದು, ಸಭೆಯಲ್ಲಿ ಯಾರು ಏನೆಂದರೆಂದು ಬರೆದುಕೊಳ್ಳುವುದು, ಕೊನೆಗೆ ಎಲ್ಲರಿಗೂ ಕೇಳುವಂತೆ ಓದಿ ಹೇಳಿ ರುಜು ಮಾಡಿಸುವುದು ಸಭಾಲೇಖಕಿಯ ಕೆಲಸ. ಮಾತನ್ನು ತಾನೇ ಹಿಡಿದಿಟ್ಟುಕೊಳ್ಳುವ ಯಂತ್ರಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ಸಭೆಯ ಪುಸ್ತಕವನ್ನು ಮನುಷ್ಯರೇ ಕೈಯಿಂದ ಬರೆಯಬೇಕೆಂದು ಕಾಯಿದೆ ಇದೆ. ಬರೆದವರು ಊರಿನವರಿಗೆ ಜವಾಬು ಕೊಡಬೇಕಲ್ಲ, ಅದಕ್ಕೆ.

ನಮ್ಮ ಶಾಲೆಯಲ್ಲಿ ಮಕ್ಕಳು ಪ್ರತಿ ವರ್ಷ ಮುಂದೆ ಹುಟ್ಟುವವರಿಗೆ ಪತ್ರ ಬರೆಯುತ್ತಾರೆ. ನನಗೆ ಮಾತ್ರ ಹಿಂದಿನವರಿಗೆ ಬರೆಯಬೇಕೆನ್ನಿಸಿತು. ಏಕೆಂದರೆ ನಮ್ಮ ಊರು ನಡೆಯುವ ರೀತಿಯಲ್ಲಿ ಹೆಚ್ಚಿನದೆಲ್ಲ ನಿಮ್ಮ ಕಾಲದಿಂದ ಬಂದದ್ದು. ಊರಿನ ಮತದಾರರೆಲ್ಲ ಕೂಡಿದರೆ ಅದು ಗ್ರಾಮಸಭೆ. ಅವರು ಓಟು ಹಾಕಿ ಆರಿಸಿದ ಸದಸ್ಯರು ಕೂಡಿದರೆ ಅದು ಗ್ರಾಮ ಪಂಚಾಯತಿ. ಸದಸ್ಯರು ತಮ್ಮೊಳಗೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡಿಕೊಳ್ಳುತ್ತಾರೆ. ಇಷ್ಟು ಜನವಾದರೂ ಬಾರದೆ ಗ್ರಾಮಸಭೆ ನಡೆಯಕೂಡದೆಂಬ ಲೆಕ್ಕವಿದೆ, ಅದಕ್ಕೆ ಕೋರಂ ಎನ್ನುತ್ತೇವೆ. ಇವೆಲ್ಲ ನಿಮ್ಮಲ್ಲೂ ಇದ್ದವೆಂದು ಹಳೆಯ ಪುಸ್ತಕಗಳಲ್ಲಿ ಓದಿದ್ದೇನೆ. ಕುಡಿಯುವ ನೀರು, ಬೀದಿದೀಪ, ಚರಂಡಿ, ಶಾಲೆಯ ಗೋಡೆ, ಗಾಯರಾಣ, ಇವನ್ನು ಯಾರೋ ದೂರದ ದೊಡ್ಡವರು ನೋಡಿಕೊಳ್ಳಲಿ ಎನ್ನದೆ, ಬಳಸುವವರೇ ಕೂತು ತೀರ್ಮಾನಿಸಲಿ ಎಂದು ಯೋಚಿಸಿದವರನ್ನು ನೆನೆದಾಗಲೆಲ್ಲ ನನಗೆ ಕೈ ಮುಗಿಯಬೇಕೆನ್ನಿಸುತ್ತದೆ. ಗಾಯರಾಣವೆಂದರೆ ಊರಿಗೆಲ್ಲ ಸೇರಿದ ಹುಲ್ಲುಗಾವಲು. ನಾನು ಹೇಳಹೊರಟ ಸಂಗತಿ ನಡೆದದ್ದು ಅಲ್ಲಿಯೇ.

ಮೊದಲು ನಮ್ಮ ಊರನ್ನು ಸ್ವಲ್ಪ ನೋಡಿ. ಕರಿಬನ್ನಿಕಟ್ಟಿ ಎರೆಮಣ್ಣಿನ ಬಯಲಿನ ಊರು. ನಮ್ಮ ಬೇಸಿಗೆ ನಿಮ್ಮ ಬೇಸಿಗೆಯಂಥದಲ್ಲ. ಮಾರ್ಚಿನಿಂದ ಜೂನಿನವರೆಗೆ ಹೊಲದ ಕೆಲಸ, ಶಾಲೆ, ಕಚೇರಿ ಎಲ್ಲವೂ ಬೆಳಗಿನ ಐದಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತವೆ. ಆಮೇಲೆ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಮುಖ್ಯ ಬೀದಿಗಳಿಗೆಲ್ಲ ನೆರಳುಬೀದಿ ಎಂದು ಹೆಸರು. ಎರಡೂ ಬದಿಗೆ ಬೇವಿನಮರ ನೆಟ್ಟು, ಅವುಗಳ ನಡುವೆ ದಪ್ಪ ಉಣ್ಣೆಬಟ್ಟೆ ಕಟ್ಟಿರುತ್ತೇವೆ. ಮನೆಯ ಚಾವಣಿಯ ಕೆಳಗೂ ಉಣ್ಣೆಯ ಹಾಸು. ಬಿಸಿಲನ್ನು ತಡೆಯುವುದರಲ್ಲಿ ಕುರಿಯ ಉಣ್ಣೆಗೆ ಸರಿಸಾಟಿಯಾದದ್ದು ನಮಗೆ ಇನ್ನೂ ಸಿಕ್ಕಿಲ್ಲ. ಹೊಲಗಳಿಗೆ ಚೀಲದ ಗೊಬ್ಬರ ಹಾಕುವುದನ್ನು ನಾವು ಬಿಟ್ಟು ಬಹಳ ದಿನವಾಯಿತು. ಸುಗ್ಗಿ ಮುಗಿದ ಮೇಲೆ ಕುರಿಗಾರರು ತಮ್ಮ ಹಿಂಡುಗಳೊಂದಿಗೆ ಬಂದು ಒಂದೊಂದು ಹೊಲದಲ್ಲಿ ಎರಡು ಮೂರು ರಾತ್ರಿ ಕುರಿ ನಿಲ್ಲಿಸುತ್ತಾರೆ. ಅವುಗಳ ಹಿಕ್ಕೆಯೇ ನಮ್ಮ ಭೂಮಿಗೆ ಬಲ. ಮೊದಲ ಮಳೆ ಬೀಳುತ್ತಿದ್ದಂತೆ ಅವರು ಬೇರೆ ಸೀಮೆಗೆ ನಡೆದುಬಿಡುತ್ತಾರೆ. ಹೀಗೆ ವರ್ಷಕ್ಕೆ ನಾಲ್ಕು ತಿಂಗಳು ನಮ್ಮಲ್ಲಿರುತ್ತಾರೆ, ಎಂಟು ತಿಂಗಳು ಇರುವುದಿಲ್ಲ.

ನಾನು ಕೆಲಸಕ್ಕೆ ಸೇರಿ ಒಂದೂವರೆ ವರ್ಷವಾಗಿತ್ತು. ವಯಸ್ಸು ಇಪ್ಪತ್ತನಾಲ್ಕು. ಆಗ ಅಧ್ಯಕ್ಷೆಯಾಗಿದ್ದವರು ಮಾಬೂಬಿ ನದಾಫ. ಮೊದಲು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರಂತೆ. ಸಭೆಯಲ್ಲಿ ಯಾರಾದರೂ ಒಬ್ಬರ ಮಾತಿಗೆ ಇನ್ನೊಬ್ಬರು ಬಾಯಿ ಹಾಕಿದರೆ, ಮೂಗಿನ ಮೇಲಿನ ಕನ್ನಡಕ ತೆಗೆದು ಸುಮ್ಮನೆ ನೋಡುತ್ತಿದ್ದರು. ಅಷ್ಟಕ್ಕೇ ಸದ್ದು ಅಡಗುತ್ತಿತ್ತು. ಕಾಮಗಾರಿ ಸಮಿತಿಗೆ ಅಂದಾನಪ್ಪ ಕರಡಿ ಮುಖ್ಯಸ್ಥರು. ಪಂಚಾಯತಿಯ ಸದಸ್ಯರೆಲ್ಲ ಎಲ್ಲ ಕೆಲಸಕ್ಕೂ ಓಡಾಡಲಾಗುವುದಿಲ್ಲವೆಂದು ಕೆಲವರು ನೀರಿಗೆ, ಕೆಲವರು ಆರೋಗ್ಯಕ್ಕೆ, ಕೆಲವರು ಕಟ್ಟುವ ಕೆಲಸಕ್ಕೆ ಎಂದು ಹಂಚಿಕೊಳ್ಳುತ್ತಾರೆ. ಅದೇ ಸಮಿತಿ. ಅಂದಾನಪ್ಪನವರ ತಾಯಿ ಅದೇ ವರ್ಷದ ಮೇ ತಿಂಗಳಲ್ಲಿ ಹಿತ್ತಲಿನಲ್ಲಿ ಬಟ್ಟೆ ತೆಗೆಯಲು ಹೋದವರು ಬಿಸಿಲಿಗೆ ಕುಸಿದು ಅಲ್ಲಿಯೇ ತೀರಿಕೊಂಡಿದ್ದರು. ಆ ಬೇಸಿಗೆಯಲ್ಲಿ ಊರಲ್ಲಿ ಒಟ್ಟು ನಾಲ್ವರು ಹೀಗೆ ಹೋದರು. ಅಂದಿನಿಂದ ಅಂದಾನಪ್ಪನವರಿಗೆ ಒಂದೇ ಧ್ಯಾನ. ಊರಿನ ಮುದುಕರೂ ಬಾಣಂತಿಯರೂ ಕೂಸುಗಳೂ ಮಧ್ಯಾಹ್ನದ ಹೊತ್ತು ಕೂರಲು ತಂಪುಮನೆಯೊಂದಾಗಬೇಕು. ಅದಕ್ಕೆ ವಿದ್ಯುತ್ತು ಬೇಕು. ವಿದ್ಯುತ್ತಿಗೆ ಬಿಸಿಲುತಟ್ಟೆಗಳನ್ನು ಸಾಲಾಗಿ ನಿಲ್ಲಿಸಲು ಜಾಗ ಬೇಕು. ಜಾಗವಿದ್ದದ್ದು ಗಾಯರಾಣದಲ್ಲಿ ಮಾತ್ರ.

2117ರ ಆಗಸ್ಟಿನಲ್ಲಿ ಗ್ರಾಮಸಭೆ ಸೇರಿತು. ನೋಟೀಸನ್ನು ನಾನೇ ಬರೆದಿದ್ದೆ, ಹದಿನೈದು ದಿನ ಮೊದಲು ಚಾವಡಿಗೆ, ಶಾಲೆಗೆ, ನೀರಿನ ಟಾಕಿಗೆ ಅಂಟಿಸಿದ್ದೆ. ಡಂಗುರ ಸಾರಿಸಿದ್ದೆವು. ಕೋರಂಗೆ ಬೇಕಾದ್ದಕ್ಕಿಂತ ಮೂರು ಪಟ್ಟು ಜನ ಬಂದರು. ಅಂದಾನಪ್ಪನವರು ನಕ್ಷೆ ಹಿಡಿದು ವಿವರಿಸಿದರು. ಎಲ್ಲರೂ ಕೈ ಎತ್ತಿದರು. ನಾನು ಪುಸ್ತಕದಲ್ಲಿ, "ಸರ್ವಾನುಮತದಿಂದ ಠರಾಯಿಸಲಾಯಿತು. ಯಾರ ಆಕ್ಷೇಪಣೆಯೂ ಇಲ್ಲ" ಎಂದು ಚೆಂದವಾಗಿ ಬರೆದೆ. ಠರಾವು ಎಂದರೆ ಸಭೆಯ ತೀರ್ಮಾನ. ಆ ದಿನ ಯಾರೂ ಮೋಸ ಮಾಡಲಿಲ್ಲ, ಯಾರೂ ನಿಯಮ ಮುರಿಯಲಿಲ್ಲ. ಇದನ್ನು ನೀವು ಚೆನ್ನಾಗಿ ಗಮನಿಸಬೇಕು. ಎಲ್ಲವನ್ನೂ ಸರಿಯಾಗಿ ಮಾಡಿಯೂ ನಾವು ತಪ್ಪಿದ್ದೆವು.

ವರ್ಷ ಮುಗಿಯುವಷ್ಟರಲ್ಲಿ ತಂಪುಮನೆ ಎದ್ದಿತು, ಗಾಯರಾಣದಲ್ಲಿ ತಟ್ಟೆಗಳು ನಿಂತು ಸುತ್ತಲೂ ಬೇಲಿಯಾಯಿತು. ಜನವರಿಯ ಒಂದು ಬೆಳಿಗ್ಗೆ ಕಚೇರಿಗೆ ಸುದ್ದಿ ಬಂತು, ಗಾಯರಾಣದ ಬೇಲಿಯ ಹತ್ತಿರ ಕುರಿ ನಿಂತಿವೆ, ಬೇಗ ಬರಬೇಕಂತೆ ಎಂದು. ಮಾಬೂಬಕ್ಕ, ನಾನು ಹೋದೆವು. ಇನ್ನೂರ ಮೂವತ್ತು ಕುರಿಗಳು ತಂತಿಬೇಲಿಗೆ ಮೈ ಒತ್ತಿಕೊಂಡು ನಿಂತಿದ್ದವು. ಬೇಲಿಯ ಆಚೆ ಬಿಸಿಲುತಟ್ಟೆಗಳ ಸಾಲು, ಅದರಾಚೆ ಕೆರೆ. ಹಿಂದಿನ ಊರಿನಿಂದ ಹದಿನೆಂಟು ಕಿಲೋಮೀಟರು ನಡೆದುಬಂದ ಹಿಂಡಿಗೆ ನೀರಿನ ವಾಸನೆ ಬಡಿಯುತ್ತಿತ್ತು, ದಾರಿ ಇರಲಿಲ್ಲ. ಮುಂದಿನವನ್ನು ಹಿಂದಿನವು ತಳ್ಳಿ ಎರಡು ಮರಿಗಳು ಕಾಲ್ತುಳಿತಕ್ಕೆ ಸಿಕ್ಕು ಸತ್ತಿದ್ದವು. ಹಿಂಡಿನ ಒಡತಿ ಹಾಲವ್ವ ಆ ಎರಡು ಮರಿಗಳನ್ನು ಕಂಬಳಿಯ ಮೇಲೆ ಮಲಗಿಸಿ ಪಕ್ಕದಲ್ಲಿ ಕೂತಿದ್ದಳು. ಐವತ್ತರ ಆಸುಪಾಸಿನ ಹೆಂಗಸು, ಎತ್ತರದ ಆಳು. ಗಂಡ ತೀರಿಕೊಂಡ ಮೇಲೆ ಹಿಂಡನ್ನು ತಾನೇ ಮುಂದೆ ನಿಂತು ನಡೆಸುತ್ತಿದ್ದವಳು. ಬೈಯುತ್ತಾಳೆಂದು ನಾನು ಹೆದರಿದ್ದೆ. ಅವಳು ಬೈಯಲಿಲ್ಲ.

"ಯಕ್ಕಾ, ನಾವೇನರ ತಪ್ಪ ಮಾಡೇವೇನ?" ಎಂದು ಮಾಬೂಬಕ್ಕನನ್ನು ಕೇಳಿದಳು. "ನಲವತ್ತ ವರ್ಷ ಆತು ಈ ದಾರ್ಯಾಗ ಬರಾಕ ಹತ್ತಿ. ಹೋದ ವರ್ಷ ಹೋಗೂ ಮುಂದ ಯಾರೂ ಏನೂ ಅನ್ನಲಿಲ್ಲ."

ಮಾಬೂಬಕ್ಕ ಅಲ್ಲಿಯೇ ಬೇಲಿಯ ಬಾಗಿಲು ತೆಗೆಸಿ, ತಟ್ಟೆಗಳ ನಡುವೆ ಹತ್ತತ್ತು ಕುರಿಗಳಂತೆ ದಾಟಿಸಿದರು. ಹಿಂಡೆಲ್ಲ ನೀರು ಕುಡಿಯುವಷ್ಟರಲ್ಲಿ ಮೂರು ತಾಸಾಯಿತು. ಹೀಗೆ ದಿನವೂ ನಡೆಯುವಂತಿರಲಿಲ್ಲ. ಕೆಳಗೆಲ್ಲ ವಿದ್ಯುತ್ತಿನ ತಂತಿಗಳು. ಸುತ್ತಿ ಬರೋಣವೆಂದರೆ ಒಂದು ಕಡೆ ಬೆಳೆ ನಿಂತ ಹೊಲ, ಇನ್ನೊಂದು ಕಡೆ ಆಳವಾದ ಹಳ್ಳ. ಒಂಬತ್ತು ಕಿಲೋಮೀಟರು ಹೆಚ್ಚಾಗುತ್ತಿತ್ತು. ಕಚೇರಿಗೆ ವಾಪಸು ಬಂದು ನಾನು ಸಭೆಯ ಪುಸ್ತಕ ತೆಗೆದೆ. "ಯಾರ ಆಕ್ಷೇಪಣೆಯೂ ಇಲ್ಲ" ಎಂಬ ನನ್ನದೇ ಅಕ್ಷರವನ್ನು ಮತ್ತೆ ಓದಿದೆ. ಆಕ್ಷೇಪಣೆ ಇರಬಹುದಾಗಿದ್ದವರು ಆ ಆಗಸ್ಟಿನಲ್ಲಿ ಊರಲ್ಲೇ ಇರಲಿಲ್ಲ.

ಅಧ್ಯಕ್ಷೆಯೇ ಆ ಬೇಲಿ ತೆಗೆಸಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಅದನ್ನೇ ಕೇಳಿದೆ. ಮಾಬೂಬಕ್ಕ ಕನ್ನಡಕ ತೆಗೆದರು. "ಸಭಾ ಮಾಡಿದ್ದನ್ನ ಸಭಾನ ತೆಗೀಬೇಕವ್ವಾ. ಇವತ್ತ ನಾ ಒಳ್ಳೇದಕ್ಕ ಮುರದ್ರ ನಾಳೆ ಇನ್ನೊಬ್ರು ಕೆಟ್ಟದ್ದಕ್ಕ ಮುರೀತಾರ" ಎಂದರು. ಅಧ್ಯಕ್ಷರು ಊರಿನ ಒಡೆಯರಲ್ಲ ಎಂಬುದನ್ನು ನಾನು ಪರೀಕ್ಷೆಗೆ ಓದಿದ್ದೆ. ಅದರ ಅರ್ಥ ನನಗೆ ಗೊತ್ತಾದದ್ದು ಅಂದು.

ಆದರೆ ಕಾಯಿದೆಯಲ್ಲಿ ಇನ್ನೊಂದು ದಾರಿ ಇತ್ತು. ಊರಿನ ಮತದಾರರಲ್ಲಿ ಹತ್ತರಲ್ಲಿ ಒಬ್ಬರು ಬರೆದು ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ನಮ್ಮಲ್ಲಿ ಮತದಾರರು ಒಂಬೈನೂರು ಚಿಲ್ಲರೆ. ತೊಂಬತ್ತೈದು ರುಜು ಸಾಕು. ನಾನು ಹಾಲವ್ವನಿಗೆ ಇದನ್ನು ಹೇಳಲು ಹೋದೆ. ಅವಳು ಕೇಳಿ, "ನನ್ನ ಹೆಸರ ಮೊದಲ ಬರಕೋ ತಂಗಿ" ಎಂದಳು. ಅವಳ ಹೆಸರು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಬೇರೆ ಜಿಲ್ಲೆಯ ಒಂದು ಊರಿನಲ್ಲಿತ್ತು. ಅದು ಅವಳ ಗಂಡನ ಅಣ್ಣತಮ್ಮಂದಿರ ಊರು. ವರ್ಷಕ್ಕೆ ಎಂಟು ದಿನ ಅಲ್ಲಿರುತ್ತಿದ್ದಳು. ಇಲ್ಲಿ ನಿನಗೆ ರುಜು ಹಾಕಲು ಬರುವುದಿಲ್ಲ ಎಂದು ಹೇಳಿದಾಗ, "ಹಾಕಾಕ ಬರೂದಿಲ್ಲ. ಕೇಳಾಕ ಬರ್ತೈತೇನ?" ಎಂದಳು. ಕೇಳಲು ಯಾವ ಕಾಯಿದೆಯ ಅಡ್ಡಿಯೂ ಇರಲಿಲ್ಲ.

ಆಮೇಲಿನ ಹನ್ನೊಂದು ದಿನ ಅವಳು ಆ ಸುತ್ತುದಾರಿಯಲ್ಲೇ ಹಿಂಡನ್ನು ನೀರಿಗೆ ನಡೆಸುತ್ತ ಈ ಕೆಲಸ ಮಾಡಿದಳು. ಯಾವ ಹೊಲದಲ್ಲಿ ಕುರಿ ನಿಲ್ಲಿಸಿದಳೋ ಆ ಹೊಲದ ಮನೆಯ ಬಾಗಿಲಿಗೆ ಬೆಳಿಗ್ಗೆ ಹೋಗಿ ನಿಲ್ಲುತ್ತಿದ್ದಳು. ಒಂದೆರಡು ಸಲ ನಾನೂ ಜೊತೆಗಿದ್ದೆ. ಅವಳು ಯಾರ ಮೇಲೂ ದೂರು ಹೇಳಲಿಲ್ಲ, ಕಣ್ಣೀರು ಹಾಕಲಿಲ್ಲ. "ಒಂದ ಸಭಾ ಕೂಡಸ್ರಿ. ಆಗೂದಿಲ್ಲ ಅಂದ್ರ ಸಭಾದಾಗ ಅನ್ರಿ, ನಾ ಕೇಳಿಕೊಂಡು ಹೊಕ್ಕೇನಿ" ಎನ್ನುತ್ತಿದ್ದಳು. ಕೆಲವರು ಕೂಡಲೇ ರುಜು ಹಾಕಿದರು. ಕೆಲವರು ಅಂದಾನಪ್ಪನವರಿಗೆ ಬೇಸರವಾದೀತೆಂದು ಒಳಗೆ ಹೋಗಿಬಿಟ್ಟರು. ಹನ್ನೆರಡನೆಯ ದಿನ ನನ್ನ ಮೇಜಿನ ಮೇಲೆ ನೂರ ನಾಲ್ಕು ರುಜುಗಳಿದ್ದ ಅರ್ಜಿ ಬಂತು. ನಾನು ಹೊಸ ನೋಟೀಸು ಬರೆದೆ.

ಸಭೆ ಫೆಬ್ರವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಏಳಕ್ಕೆ, ದೊಡ್ಡ ನೆರಳುಬೀದಿಯಲ್ಲಿ. ಜಮಖಾನೆ ಸಾಲದೆ ಜನ ಮನೆಗಳಿಂದ ಚಾಪೆ ತಂದುಕೊಂಡರು. ಹೊರಗಿನವರು ಅಧ್ಯಕ್ಷರ ಒಪ್ಪಿಗೆಯಿಂದ ಮಾತನಾಡಬಹುದು, ಆದರೆ ಕೈ ಎತ್ತುವಂತಿಲ್ಲ ಎಂದು ಮಾಬೂಬಕ್ಕ ಮೊದಲೇ ಓದಿ ಹೇಳಿದರು. ಮೊದಲು ಅಂದಾನಪ್ಪನವರು ಎದ್ದರು. ಅವರದು ಸಣ್ಣ ದನಿ, ಸಿಟ್ಟು ಬಂದರೆ ಇನ್ನೂ ಸಣ್ಣಗಾಗುತ್ತಿತ್ತು.

"ಹತ್ತು ಮಾರು ಅಗಲದ ದಾರಿ ಬಿಡಬೇಕಂದ್ರ ಮೂರು ಸಾಲು ತಟ್ಟಿ ಕೀಳಬೇಕಾಕ್ಕೈತಿ. ತಂಪುಮನಿ ಐದರ ತನಕ ನಡಿಯೂದು ನಾಕಕ್ಕ ನಿಂದರ್ತೈತಿ. ಏಪ್ರಿಲ್ದಾಗ ನಾಕರಿಂದ ಐದರ ಬಿಸಿಲು ಹೆಂಗಿರ್ತೈತಿ ಅಂತ ನಾ ಹೇಳಬೇಕಾಗಿಲ್ಲ. ನಮ್ಮವ್ವ ಹೋದದ್ದು ನಾಕೂವರಿಗೆ. ಕುರಿ ದೊಡ್ಡವೋ ಮಂದಿ ದೊಡ್ಡವರೋ, ನೀವ ಹೇಳ್ರಿ."

ಆ ಮಾತಿಗೆ ಯಾರು ಎದುರಾಡಿಯಾರು? ನಾನು ಬರೆಯುವುದನ್ನು ನಿಲ್ಲಿಸಿ ಹಾಲವ್ವನ ಕಡೆ ನೋಡಿದೆ. ಇನ್ನು ಮುಗಿಯಿತು ಎಂದುಕೊಂಡೆ. ಮಾಬೂಬಕ್ಕ ಕರೆದ ಮೇಲೆ ಅವಳು ಎದ್ದು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ನನಗ ಸಭಾದಾಗ ಮಾತಾಡಿ ರೂಢಿ ಇಲ್ರಿ. ಅಂದಾನಪ್ಪಣ್ಣ ಹೇಳಿದ್ದು ಖರೇನ ಐತಿ. ಅವರವ್ವನ್ನ ನಾ ಬಲ್ಲೆ. ನಾವು ಬಂದ ದಿನಾ ಮಜ್ಜಿಗಿ ತರಾಕಿ. ಆಕಿ ಹೋದದ್ದು ನನಗ ಈ ವರ್ಷ ಬಂದಮ್ಯಾಲ ಗೊತ್ತಾತು. ಆ ತಂಪುಮನಿ ಬ್ಯಾಡ ಅನ್ನಾಕ ನಾ ಬಂದಿಲ್ಲ. ಕೆರಿ ಕೊಡ್ರಿ ಅಂತ ಕೇಳೂದಿಲ್ಲ. ಕೆರಿಗೆ ಹೋಗಾಕ ದಾರಿ ಕೊಡ್ರಿ, ದಿನಕ್ಕ ಎರಡ ಸಲ. ಅದೂ ಆಗೂದಿಲ್ಲ ಅಂದ್ರ ನಾ ಮುಂದಿನ ವರ್ಷ ಈ ಕಡೆ ಬರೂದಿಲ್ಲ. ಸಿಟ್ಟಿಗೆ ಹೇಳಾಕತ್ತಿಲ್ರಿ. ನೀರಿಲ್ಲದ ಊರಿಗೆ ಕುರಿ ಬರೂದಿಲ್ಲ, ಅಷ್ಟ."

ಹಿಂದಿನಿಂದ ಯಾರೋ, "ನಿಮ್ಮ ಊರ ಯಾವ್ದು? ಅಲ್ಲಿ ಕೇಳಬೇಕಲ್ಲ?" ಎಂದರು. ಹಾಲವ್ವ ತಿರುಗಿ ನೋಡಿದಳು. "ಹೆಸರ ಹಚ್ಚಿದ ಊರಾಗ ಎಂಟ ದಿನ ಇರ್ತೇನ್ರಿ. ನಿಮ್ಮ ಊರಾಗ ನಾಕ ತಿಂಗಳ. ನನ್ನ ಮಗಳು ಹುಟ್ಟಿದ್ದು ನಿಮ್ಮ ಹೊಲದಾಗ. ಯಾವ್ದು ನನ್ನ ಊರು ಅಂತ ನಿಮಗ ಗೊತ್ತಿದ್ರ ಹೇಳ್ರಿ, ಅಲ್ಲೇ ಹೋಗಿ ಕೇಳ್ತೇನಿ."

ಆಗ ಎದ್ದು ನಿಂತವರು ಸಾವಂತ್ರವ್ವಜ್ಜಿ. ಎಂಬತ್ತಾರು ವರ್ಷ. ಬೇಸಿಗೆಗೆ ತಂಪುಮನೆಗೆ ಬರಬೇಕಾದವರಲ್ಲಿ ಎಲ್ಲರಿಗಿಂತ ಹಿರಿಯರು. ಇಬ್ಬರು ಹಿಡಿದುಕೊಳ್ಳಬೇಕಾಯಿತು. "ಅಂದಾನಪ್ಪ, ನಿನ್ನ ಋಣ ನಾವು ತೀರಸೂದಿಲ್ಲ. ಆದ್ರ ಹಾದಿ ಬಂದ್ ಮಾಡಿ ತಂಪಿನ್ಯಾಗ ಕುಂತೇನಿ ಅಂದ್ರ ನನಗ ಆ ತಂಪು ಹತ್ತೂದಿಲ್ಲಪಾ. ಒಂದ ತಾಸು ಬೇವಿನ ಗಿಡದ ಕೆಳಗ ಕುಂದರ್ತೇವಿ. ನೀ ಒಂದಿಷ್ಟು ನೀರು ಹೊಡಸು, ಸಾಕು" ಎಂದು ಹೇಳಿ ಕೂತುಬಿಟ್ಟರು.

ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ಇನ್ನೂ ಎರಡು ತಾಸು ನಡೆಯಿತು. ದಾರಿ ಎಷ್ಟು ಅಗಲ, ತಂತಿಗಳನ್ನು ಎಷ್ಟು ಆಳಕ್ಕೆ ಹೂಳಬೇಕು, ಬಾಗಿಲ ಬೀಗ ಯಾರ ಹತ್ತಿರ, ಕೆರೆಯ ಯಾವ ದಂಡೆಗೆ ಕುರಿ ಇಳಿಯಬೇಕು, ಒಂದೊಂದನ್ನೂ ಜನ ಎತ್ತಿ ಎತ್ತಿ ಕೇಳಿದರು. ಬೇಸರದ ಮಾತುಗಳೆಂದು ನಿಮಗೆ ಅನ್ನಿಸಬಹುದು. ನನಗೆ ಊರೊಂದು ನಿಜವಾಗಿ ಕೆಲಸ ಮಾಡುವ ಸದ್ದೆಂದರೆ ಅದೇ. ಕೊನೆಗೆ ಕೈ ಎಣಿಸಿದೆ. ದಾರಿ ಬಿಡಬೇಕೆಂದು ಇನ್ನೂರ ಹದಿನಾಲ್ಕು, ಬೇಡವೆಂದು ತೊಂಬತ್ತಾರು. ಅಂದಾನಪ್ಪನವರ ಕೈ ತೊಂಬತ್ತಾರರಲ್ಲಿತ್ತು.

ಮರುದಿನ ನಸುಕಿನ ತಂಪಿನಲ್ಲಿ ಕಚೇರಿಗೆ ಹೋಗುವಾಗ ಗಾಯರಾಣದಲ್ಲಿ ಕಬ್ಬಿಣದ ಸದ್ದು ಕೇಳಿ ಆ ಕಡೆ ತಿರುಗಿದೆ. ಅಂದಾನಪ್ಪನವರು ಹಾರೆ ಹಿಡಿದು ಬೇಲಿಯ ಕಂಬ ಕೀಳುತ್ತಿದ್ದರು. ಜೊತೆಗೆ ಸಮಿತಿಯ ಇನ್ನಿಬ್ಬರು. ಮುಖ ತೊಯ್ದಿತ್ತು, ಬೆವರೋ ಮತ್ತೇನೋ ನನಗೆ ಗೊತ್ತಾಗಲಿಲ್ಲ. ನೀವೇ ಯಾಕೆ, ಬೇರೆಯವರಿಗೆ ಹೇಳಬಹುದಿತ್ತಲ್ಲ ಎಂದೆ.

"ನಾ ಕೈ ಎತ್ತಲಿಲ್ಲ, ಖರೆ" ಎಂದರು. "ಸಭಾ ಎತ್ತೇತಿ. ಕಾಮಗಾರಿ ಸಮಿತಿ ಅಂದ್ರ ಸಭಾದ ಕೈ ತಂಗಿ. ಕೈಗೆ ತನ್ನದಂತ ಹಟ ಇರಬಾರದು." ಹಾಗೆಂದು ಹಾರೆಯನ್ನು ಮತ್ತೆ ಎತ್ತಿದರು. ಎಂಟು ದಿನದಲ್ಲಿ ದಾರಿಯಾಯಿತು. ಒಂದು ಅಂಗುಲವೂ ಕಡಿಮೆ ಬಿಡಲಿಲ್ಲ. ತಂತಿಗಳನ್ನು ಸಭೆ ಹೇಳಿದ್ದಕ್ಕಿಂತ ಒಂದು ಗೇಣು ಹೆಚ್ಚು ಆಳಕ್ಕೆ ಹೂಳಿಸಿದರು. ನಾನು ಬಹಳ ಜನ ನಾಯಕರನ್ನು ನೋಡಿದ್ದೇನೆ. ಗೆದ್ದಾಗ ಚೆನ್ನಾಗಿ ಕೆಲಸ ಮಾಡಿದವರು ಅನೇಕರಿದ್ದಾರೆ. ಸೋತ ಮರುದಿನ ಹೀಗೆ ದುಡಿದವರು ಅವರೊಬ್ಬರೇ.

ಎರಡು ಬೇಸಿಗೆ ತಂಪುಮನೆ ನಾಲ್ಕಕ್ಕೇ ಮುಚ್ಚಿತು. ಆ ಒಂದು ತಾಸು ಅಂದಾನಪ್ಪನವರು ಬೇವಿನ ಮರಗಳ ಕೆಳಗೆ ಲಾವಂಚದ ತಟ್ಟಿ ಕಟ್ಟಿಸಿ, ನೀರು ಚಿಮುಕಿಸುತ್ತ ಅಲ್ಲಿಯೇ ನಿಲ್ಲುತ್ತಿದ್ದರು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಮೂರನೆಯ ವರ್ಷ ಶಾಲೆಯ ಚಾವಣಿಗೆ ಹೊಸ ತಟ್ಟೆಗಳು ಬಂದು ಆ ಕೊರತೆ ತೀರಿತು.

ಆ ವಿಶೇಷ ಗ್ರಾಮಸಭೆಯಲ್ಲಿ ಇನ್ನೊಂದು ಠರಾವೂ ಆಯಿತು. ದಾರಿಯೇನೋ ಸಿಕ್ಕಿತು. ಆದರೆ ಮುಂದಿನ ಸಲ ಇವರಿಲ್ಲದಾಗ ಇವರ ವಿಷಯ ಬಂದರೆ ಯಾರು ಕೇಳುವವರು ಎಂದು ಮಾಬೂಬಕ್ಕ ಎತ್ತಿದರು. ಮತದಾರರ ಪಟ್ಟಿಯ ಕಾಯಿದೆ ಬದಲಿಸುವ ಅಧಿಕಾರ ಗ್ರಾಮ ಪಂಚಾಯತಿಗೆ ಇಲ್ಲ. ಅದು ರಾಜ್ಯದ ಶಾಸನಸಭೆಯ ಕೆಲಸ. ನಮಗೆ ಇದ್ದದ್ದು ಕೇಳುವ ಅಧಿಕಾರ. ಹೀಗಾಗಿ ನಾನು ಬರೆದ ಠರಾವು ತಾಲ್ಲೂಕು ಪಂಚಾಯತಿಗೆ ಹೋಯಿತು. ಅಲ್ಲಿ ಅಕ್ಕಪಕ್ಕದ ಊರುಗಳವರು, ನಮ್ಮಲ್ಲೂ ಹೀಗೇ ಆಗಿದೆ ಎಂದರು. ಅಲ್ಲಿಂದ ಜಿಲ್ಲಾ ಪಂಚಾಯತಿಗೆ, ಅಲ್ಲಿಂದ ರಾಜಧಾನಿಗೆ. ಎರಡು ಸಲ ವಾಪಸು ಬಂತು, ಒಮ್ಮೆ ಕಳೆದೇಹೋಯಿತು. ನಾನು ಮತ್ತೆ ನಕಲು ಮಾಡಿ ಕಳಿಸಿದೆ. ಆರು ವರ್ಷವಾಯಿತು. 2124ರಲ್ಲಿ ನಡೆಯುವ ವಾರ್ಡಿನ ಕಾಯಿದೆ ಬಂತು. ವಾರ್ಡು ಎಂದರೆ ಒಬ್ಬ ಸದಸ್ಯರನ್ನು ಆರಿಸುವಷ್ಟು ಊರಿನ ತುಂಡು ಎಂದು ನೀವು ತಿಳಿದಿದ್ದೀರಿ. ನಡೆಯುವ ವಾರ್ಡಿಗೆ ನೆಲವಿಲ್ಲ. ವರ್ಷದಲ್ಲಿ ಮೂರು ತಿಂಗಳಾದರೂ ಒಂದು ಪಂಚಾಯತಿಯಲ್ಲಿ ಬಂದು ಇದ್ದು ಹೋಗುವವರೆಲ್ಲ ಸೇರಿದರೆ ಅದೊಂದು ವಾರ್ಡು. ಅವರು ಎಲ್ಲಿದ್ದಾರೋ ಅಲ್ಲಿಗೇ ಮತಪೆಟ್ಟಿಗೆ ಹೋಗುತ್ತದೆ. ಮೊದಲ ಚುನಾವಣೆಗೆ ನಾನು ಪೆಟ್ಟಿಗೆ ಹೊತ್ತು ಏಳು ಕೆರೆ, ಎರಡು ಇಟ್ಟಿಗೆ ಭಟ್ಟಿ, ಒಂದು ಕಬ್ಬಿನ ಗದ್ದೆ ಸುತ್ತಿದೆ. ಹಾಲವ್ವ ಹನ್ನೊಂದು ಓಟಿನಿಂದ ಗೆದ್ದಳು.

ಅವಳು ಐದು ವರ್ಷ ಸದಸ್ಯೆಯಾಗಿದ್ದಳು. ಮಳೆಗಾಲದಲ್ಲಿ ದೂರದ ಸೀಮೆಯಿಂದಲೇ ದೂರದರ್ಶಿಯಲ್ಲಿ ಸಭೆಗೆ ಕೂರುತ್ತಿದ್ದಳು. ದೂರದರ್ಶಿಯೆಂದರೆ ಅಂಗೈಯಗಲದ ಗಾಜು, ಅದರಲ್ಲಿ ಅವಳ ಮುಖದ ಹಿಂದೆ ಯಾವಾಗಲೂ ಒಂದೆರಡು ಕುರಿಗಳು ಕಾಣುತ್ತಿದ್ದವು. ಹೆಚ್ಚು ಮಾತಾಡುತ್ತಿರಲಿಲ್ಲ. ಯಾವುದೇ ಹೊಸ ಕಾಮಗಾರಿ ಬರಲಿ, "ಇದು ಯಾರ ದಾರ್ಯಾಗ ಬರ್ತೈತಿ?" ಎಂದು ಒಂದು ಸಲ ಕೇಳುತ್ತಿದ್ದಳು. ಮೊದಮೊದಲು ಕೆಲವರು ನಗುತ್ತಿದ್ದರು. ಆ ಪ್ರಶ್ನೆಯಿಂದಲೇ ಶಾಲೆಗೆ ಹೋಗುವ ಮಕ್ಕಳ ಒಂದು ಕಾಲುದಾರಿ ಉಳಿಯಿತು, ಕುಂಬಾರರ ಮಣ್ಣಿನ ಗುಂಡಿ ಉಳಿಯಿತು. ಈಗ ನಮ್ಮ ತಾಲ್ಲೂಕಿನ ಎಲ್ಲ ಪಂಚಾಯತಿಗಳಲ್ಲೂ ಕೈ ಎತ್ತುವ ಮೊದಲು ಸಭಾಲೇಖಕರು ಆ ಪ್ರಶ್ನೆಯನ್ನು ಕೇಳಬೇಕು, ಉತ್ತರವನ್ನು ಬರೆಯಬೇಕು.

ಹಾಲವ್ವ, ಅಂದಾನಪ್ಪ ಸ್ನೇಹಿತರಾದರೆಂದು ಹೇಳಿದರೆ ಸುಳ್ಳಾಗುತ್ತದೆ. ಕಾಮಗಾರಿ ಸಮಿತಿಯಲ್ಲಿ ಎರಡು ವರ್ಷ ಅಕ್ಕಪಕ್ಕ ಕೂತು ಬಹಳ ಸಲ ಜಗಳಾಡಿದರು. ಅಂದಾನಪ್ಪನವರು ತೀರಿಕೊಂಡಾಗ ಅವಳು ಅರವತ್ತು ಕಿಲೋಮೀಟರು ಆಚೆ ಇದ್ದಳು, ಹಿಂಡು ಬಿಟ್ಟು ಬರಲಾಗಲಿಲ್ಲ. ಮೂರು ವಾರದ ನಂತರ ಸಭೆಗೆ ಬಂದು, ಸಂತಾಪದ ಠರಾವನ್ನು ನಾನು ಓದಿ ಮುಗಿಸಿದ ಮೇಲೆ, "ಇನ್ನೊಂದ ಸಾಲು ಹಾಕ ತಂಗಿ. ತಾ ಬ್ಯಾಡಂದ ದಾರೀನ ತನ್ನ ಕೈಲೇ ಮಾಡಿಕೊಟ್ಟ ಅಂತ ಬರಿ" ಎಂದಳು. ಬರೆದೆ. ಮಾಬೂಬಕ್ಕ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹಾಲವ್ವನ ಹೆಬ್ಬೆಟ್ಟಿನ ಗುರುತು ಆ ಸಾಲಿನ ಕೆಳಗೆ ಇದೆ. ನಮ್ಮ ಊರಿಗೆ ಬಂದವರಿಗೆ ನಾವು ಆ ಪುಟವನ್ನು ತೆಗೆದು ತೋರಿಸುತ್ತೇವೆ.

ಮಕ್ಕಳೇ, ನಿಮ್ಮಿಂದ ನನಗೊಂದು ಉಪಕಾರವಾಗಬೇಕು. ನಿಮಗೆ ಇನ್ನೂ ಓಟಿಲ್ಲ, ಗೊತ್ತು. ಆದರೆ ಓದಲು ಬರುತ್ತದೆ. ನಿಮ್ಮ ಊರಿನ ಪಂಚಾಯತಿಯ ಗೋಡೆಗೆ, ಪಟ್ಟಣವಾದರೆ ಪುರಸಭೆಯ ಬಾಗಿಲಿಗೆ, ಸಭೆಯ ನೋಟೀಸು ಅಂಟಿಸಿದ ದಿನ ಅದನ್ನು ಪೂರ್ತಿ ಓದಿಕೊಳ್ಳಿ. ಆಮೇಲೆ ಊರಿನ ಅಂಚಿಗೆ ನಡೆದು ಹೋಗಿ. ಟೆಂಟು ಹಾಕಿಕೊಂಡು ಕಬ್ಬು ಕಡಿಯುವವರಿರುತ್ತಾರೆ, ರಸ್ತೆ ಕೆಲಸಕ್ಕೆ ಬಂದವರಿರುತ್ತಾರೆ, ಕಟ್ಟುತ್ತಿರುವ ಮನೆಯೊಳಗೆ ಅಡುಗೆ ಮಾಡಿಕೊಂಡಿರುವ ಕಾವಲುಗಾರರಿರುತ್ತಾರೆ. ಅವರಲ್ಲಿ ಒಬ್ಬರಿಗಾದರೂ ಆ ನೋಟೀಸನ್ನು ಓದಿ ಹೇಳಿ. ನಮಗೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳಿಯಾರು. ಆಗ ಅವರ ಪಕ್ಕದಲ್ಲಿ ಕೂತು, ಮೊದಲ ಸಾಲಿನಿಂದ, ನಿಧಾನವಾಗಿ ಇನ್ನೊಮ್ಮೆ ಓದಿ.

ನಿಮ್ಮ,
ನೀಲಗಂಗಾ ಹುಣಸೀಮರದ
ನಿವೃತ್ತ ಸಭಾಲೇಖಕಿ